ಫೋಲ್ಡರ್ ಮೇಲೊಂದು ಕಣ್ಣು: ಸನತ್‌ನಗರದ ಗಾಳಿಯ ಲೆಕ್ಕ ಹಿಡಿಯುವ ಪುಟ್ಟ ಪ್ರೋಗ್ರಾಂ, ಹಂತ ಹಂತವಾಗಿ

ಹೈದರಾಬಾದಿನ ಸನತ್‌ನಗರದಲ್ಲಿ ಗಾಳಿಯನ್ನು ಅಳೆಯುವ ಒಂದು ಸ್ವಯಂಚಾಲಿತ ಕೇಂದ್ರವಿದೆ. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯ ಮುಖ್ಯ ಕಚೇರಿಯೂ ಅಲ್ಲಿನ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲೇ ಇದೆ. ಕೇಂದ್ರದ ಅಂಕಿಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್‌ಗೆ ಹೋಗುತ್ತವೆ. ಅಲ್ಲಿಂದ ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಬಹುದು. ಮನೆಯಲ್ಲಿ ದಮ್ಮು ಇರುವ ಹಿರಿಯರೋ ಚಿಕ್ಕ ಮಕ್ಕಳೋ ಇದ್ದವರಿಗೆ ಈ ಅಂಕಿಗಳಿಗಿಂತ ಹತ್ತಿರದ ಸುದ್ದಿ ಬೇರೊಂದಿಲ್ಲ. ಆದರೆ ಪ್ರತಿ ಸಲ ಫೈಲ್ ತೆರೆದು, ಸಾಲು ಸಾಲು ನೋಡಿ, ಮಿತಿ ಮೀರಿದ ದಿನ ಯಾವುದು ಎಂದು ಹುಡುಕುವುದು ಬೇಸರದ ಕೆಲಸ.

ಆ ಬೇಸರವನ್ನು ಕಂಪ್ಯೂಟರಿಗೆ ಒಪ್ಪಿಸೋಣ. ನೀವು ಮಾಡಬೇಕಾದದ್ದು ಫೈಲನ್ನು ಒಂದು ಫೋಲ್ಡರಿಗೆ ಹಾಕುವುದು, ಅಷ್ಟೇ. ಫೋಲ್ಡರಿನ ಮೇಲೆ ಕಣ್ಣಿಟ್ಟಿರುವ ಪ್ರೋಗ್ರಾಂ ಹೊಸ ಫೈಲ್ ಬಂದದ್ದನ್ನು ತಾನೇ ಗಮನಿಸಿ, ತಾನೇ ಓದಿ, ಮಿತಿ ದಾಟಿದ ದಿನಗಳನ್ನು ಕನ್ನಡದಲ್ಲಿ ಬರೆದಿಡುತ್ತದೆ.

ಕೋಡ್ ಬರೆದು ಗೊತ್ತಿಲ್ಲವೇ? ಭಯಪಡಬೇಡಿ. ನಾವು ಬಳಸುವ ಸಾಧನ ನೋಡ್-ರೆಡ್. 2013ರಲ್ಲಿ ಐಬಿಎಂನ ಇಬ್ಬರು ಎಂಜಿನಿಯರ್‌ಗಳು ಶುರು ಮಾಡಿದ್ದು, ಈಗ ಎಲ್ಲರಿಗೂ ಉಚಿತ. ಇದರಲ್ಲಿ ಚೌಕಗಳನ್ನು ಎಳೆದು ತಂದು, ತಂತಿಯಿಂದ ಜೋಡಿಸಿದರೆ ಪ್ರೋಗ್ರಾಂ ಆಗುತ್ತದೆ. ಆ ಚೌಕಗಳಿಗೆ ನೋಡ್ ಎನ್ನುತ್ತಾರೆ. ಇಲ್ಲಿ ವಿಂಡೋಸ್ ಕಂಪ್ಯೂಟರನ್ನು ಇಟ್ಟುಕೊಂಡು ಹೇಳುತ್ತೇನೆ. ಲಿನಕ್ಸ್ ಬಳಸುವವರಿಗೆ ಫೋಲ್ಡರ್ ವಿಳಾಸ ಬರೆಯುವ ರೀತಿ ಬೇರೆ, ಉಳಿದದ್ದು ಹೆಚ್ಚುಕಡಿಮೆ ಇದೇ.

ಒಂದು ಮಾತು ಮೊದಲೇ: ಇಲ್ಲಿ ಕನ್ನಡ ಅಕ್ಷರಗಳಲ್ಲಿ ಕೊಟ್ಟಿರುವ ಆಜ್ಞೆಗಳನ್ನೂ ಫೈಲ್ ಹೆಸರುಗಳನ್ನೂ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ದೊಡ್ಡಕ್ಷರ ಬೇಡ, ಸಣ್ಣಕ್ಷರ ಸಾಕು.

ಹಂತ 1: ನೋಡ್ ಜೆಎಸ್ ಹಾಕಿಕೊಳ್ಳಿ

ನೋಡ್-ರೆಡ್ ಓಡುವುದು ನೋಡ್ ಜೆಎಸ್ ಎಂಬ ಸಾಫ್ಟ್‌ವೇರ್ ಮೇಲೆ. ಅದರ ಅಧಿಕೃತ ತಾಣಕ್ಕೆ ಹೋಗಿ ಎಲ್‌ಟಿಎಸ್ ಎಂದು ಬರೆದಿರುವ ಆವೃತ್ತಿಯನ್ನು ಡೌನ್‌ಲೋಡ್ ಮಾಡಿ. ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ನೆಕ್ಸ್ಟ್ ಒತ್ತುತ್ತಾ ಹೋಗಿ. ಮಧ್ಯೆ ಏನನ್ನೂ ಬದಲಾಯಿಸಬೇಕಿಲ್ಲ.

ಹಂತ 2: ನೋಡ್-ರೆಡ್ ತರಿಸಿಕೊಳ್ಳಿ

ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಎಂದು ಟೈಪ್ ಮಾಡಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಕಪ್ಪು ಕಿಟಕಿ ಬರುತ್ತದೆ. ಅದರಲ್ಲಿ ಹೀಗೆ ಬರೆಯಿರಿ: ಎನ್‌ಪಿಎಂ, ಒಂದು ಸ್ಪೇಸ್, ಇನ್‌ಸ್ಟಾಲ್, ಒಂದು ಸ್ಪೇಸ್, ಹೈಫನ್ ಹಚ್ಚಿ ಜಿ, ಒಂದು ಸ್ಪೇಸ್, ನೋಡ್ ಹೈಫನ್ ರೆಡ್. ಎಂಟರ್ ಒತ್ತಿ. ಕೆಲವು ನಿಮಿಷ ಅಕ್ಷರಗಳು ಓಡಾಡುತ್ತವೆ, ಓಡಲಿ ಬಿಡಿ.

ಎಚ್ಚರ: ಪವರ್‌ಶೆಲ್ ಎಂಬ ನೀಲಿ ಕಿಟಕಿಯನ್ನು ತೆರೆದುಕೊಂಡರೆ ಕೆಲವು ಕಂಪ್ಯೂಟರುಗಳಲ್ಲಿ ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ ಎಂಬ ಕೆಂಪು ಸಂದೇಶ ಬರುತ್ತದೆ. ನಿಮ್ಮ ತಪ್ಪಲ್ಲ. ಅದನ್ನು ಮುಚ್ಚಿ, ಕಮಾಂಡ್ ಪ್ರಾಂಪ್ಟ್‌ನಲ್ಲೇ ಮಾಡಿ.

ಹಂತ 3: ಚಾಲೂ ಮಾಡಿ

ಅದೇ ಕಪ್ಪು ಕಿಟಕಿಯಲ್ಲಿ ನೋಡ್ ಹೈಫನ್ ರೆಡ್ ಎಂದು ಬರೆದು ಎಂಟರ್ ಒತ್ತಿ. ವಿಂಡೋಸ್ ಫೈರ್‌ವಾಲ್ ಅನುಮತಿ ಕೇಳಿದರೆ ಕ್ಯಾನ್ಸಲ್ ಒತ್ತಿ. ನಿಮ್ಮದೇ ಕಂಪ್ಯೂಟರಿನಲ್ಲಿ ಬಳಸುವುದಕ್ಕೆ ಆ ಅನುಮತಿ ಬೇಕಾಗುವುದಿಲ್ಲ. ಹೊರಗಿನವರಿಗೆ ಬಾಗಿಲು ತೆರೆಯದಿರುವುದೇ ಒಳ್ಳೆಯದು, ಏಕೆಂದರೆ ಹೊಸದಾಗಿ ಹಾಕಿಕೊಂಡ ನೋಡ್-ರೆಡ್‌ಗೆ ಪಾಸ್‌ವರ್ಡ್ ಇರುವುದಿಲ್ಲ.

ಈಗ ಬ್ರೌಸರ್ ತೆರೆದು ವಿಳಾಸದ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದು ಬರೆದು, ಕೋಲನ್ ಹಾಕಿ, 1880 ಎಂದು ಸೇರಿಸಿ. ಎಡಗಡೆ ನೋಡ್‌ಗಳ ಪಟ್ಟಿ, ನಡುವೆ ಖಾಲಿ ಹಾಳೆ, ಬಲಗಡೆ ಮಾಹಿತಿಯ ಪಟ್ಟಿ ಕಂಡರೆ ನೀವು ಗೆದ್ದಿರಿ. ಕಪ್ಪು ಕಿಟಕಿಯನ್ನು ಮಾತ್ರ ಮುಚ್ಚಬೇಡಿ. ಅದು ಮುಚ್ಚಿದರೆ ಕಾವಲೂ ನಿಲ್ಲುತ್ತದೆ.

ಹಂತ 4: ಎರಡು ಫೋಲ್ಡರ್ ಮಾಡಿ

ಸಿ ಡ್ರೈವ್‌ನಲ್ಲಿ ಗಾಳಿ ಎಂಬ ಹೆಸರಿನದೊಂದು, ಫಲಿತ ಎಂಬ ಹೆಸರಿನದೊಂದು, ಇಂಗ್ಲಿಷ್ ಅಕ್ಷರಗಳಲ್ಲಿ. ಮೊದಲನೆಯದರ ಮೇಲೆ ಕಣ್ಣಿಡುತ್ತೇವೆ. ಎರಡನೆಯದರಲ್ಲಿ ಉತ್ತರ ಬರೆಸುತ್ತೇವೆ.

ಒಂದೇ ಫೋಲ್ಡರ್ ಸಾಲದೇ ಎಂದು ಅನ್ನಿಸಬಹುದು. ಸಾಲದು. ಕಾಯುತ್ತಿರುವ ಫೋಲ್ಡರಿನಲ್ಲೇ ಉತ್ತರ ಬರೆದರೆ ಆ ಬರೆದದ್ದೂ ಒಂದು ಬದಲಾವಣೆಯೇ. ಅದನ್ನು ನೋಡಿ ಪ್ರೋಗ್ರಾಂ ಮತ್ತೆ ಎದ್ದು ಬರೆಯುತ್ತದೆ, ಮತ್ತೆ ಅದನ್ನೇ ನೋಡುತ್ತದೆ. ಕೊನೆಯೇ ಇರುವುದಿಲ್ಲ. ಫೋಲ್ಡರ್ ಕಾಯುವ ಪ್ರೋಗ್ರಾಂ ಬರೆಯುವವರು ಮೊದಲು ಎಡವುವುದು ಇಲ್ಲೇ.

ಇನ್ನೊಂದು ಎಚ್ಚರ: ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಫೋಲ್ಡರ್‌ಗಳು ಅನೇಕ ಕಂಪ್ಯೂಟರುಗಳಲ್ಲಿ ಒನ್‌ಡ್ರೈವ್ ಜೊತೆ ಬೆಸೆದುಕೊಂಡಿರುತ್ತವೆ. ಅಲ್ಲಿ ಒನ್‌ಡ್ರೈವ್ ಮಾಡುವ ಕೆಲಸವೂ ಬದಲಾವಣೆಯಾಗಿ ಕಾಣಿಸಬಹುದು. ಆಫೀಸಿನ ನೆಟ್‌ವರ್ಕ್ ಡ್ರೈವ್‌ನಲ್ಲಿ ಇದರ ಉಲ್ಟಾ: ಬೇರೆ ಯಂತ್ರದಿಂದ ಬಂದ ಬದಲಾವಣೆ ನಿಮಗೆ ತಿಳಿಯದೇ ಹೋಗಬಹುದು. ಕಲಿಯುವಾಗ ಸ್ವಂತ ಸಿ ಡ್ರೈವ್ ಒಳ್ಳೆಯದು.

ಹಂತ 5: ವಾಚ್ ನೋಡ್ ಇಡಿ

ಎಡಗಡೆಯ ಪಟ್ಟಿಯಲ್ಲಿ ಕೆಳಗೆ ಸ್ಟೋರೇಜ್ ವಿಭಾಗವಿದೆ. ಅಲ್ಲಿಂದ ವಾಚ್ ಎಂಬ ಚೌಕವನ್ನು ಹಿಡಿದು ಹಾಳೆಯ ಮೇಲೆ ಎಳೆಯಿರಿ. ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ. ಫೈಲ್ಸ್ ಎಂಬ ಜಾಗದಲ್ಲಿ ಸಿ, ಕೋಲನ್, ಎರಡು ಬ್ಯಾಕ್‌ಸ್ಲ್ಯಾಷ್, ಗಾಳಿ ಎಂದು ಬರೆಯಿರಿ. ಬ್ಯಾಕ್‌ಸ್ಲ್ಯಾಷ್ ಎರಡು ಇರಬೇಕು. ಒಂದೇ ಹಾಕಿದರೆ ಫೋಲ್ಡರ್ ಸಿಗದೇ ಹೋಗಬಹುದು. ಡನ್ ಒತ್ತಿ.

ಒಳಗೆ ನಡೆಯುವುದು ಇಷ್ಟು. ಫೋಲ್ಡರ್ ಬದಲಾಯಿತೇ ಎಂದು ತಿಳಿಯಲು ಎರಡು ದಾರಿ. ಕೆಲವು ಸೆಕೆಂಡಿಗೊಮ್ಮೆ ಹೋಗಿ ಫೈಲ್ ಪಟ್ಟಿಯನ್ನು ಹಳೆಯದರ ಜೊತೆ ಹೋಲಿಸುವುದು ಒಂದು. ಇದನ್ನು ಪೋಲಿಂಗ್ ಎನ್ನುತ್ತಾರೆ. ಬಾಗಿಲಿಗೆ ಯಾರಾದರೂ ಬಂದರೇ ಎಂದು ಪದೇ ಪದೇ ಎದ್ದು ಹೋಗಿ ನೋಡಿದ ಹಾಗೆ. ಇನ್ನೊಂದು, ಕರೆಗಂಟೆ ಕಟ್ಟಿ ಕೂರುವುದು. ಬದಲಾವಣೆ ಆದಾಗ ಆಪರೇಟಿಂಗ್ ಸಿಸ್ಟಮ್ಮೇ ಪ್ರೋಗ್ರಾಂಗೆ ಹೇಳುತ್ತದೆ. ಲಿನಕ್ಸ್‌ನಲ್ಲಿ ಈ ಕೆಲಸ ಮಾಡುವುದು ಐನೋಟಿಫೈ, 2005ರಲ್ಲಿ ಕರ್ನೆಲ್ 2.6.13ಕ್ಕೆ ಸೇರಿದ್ದು. ಮ್ಯಾಕ್‌ನಲ್ಲಿ 2007ರ ಲೆಪರ್ಡ್ ಆವೃತ್ತಿಯಿಂದ ಎಫ್‌ಎಸ್‌ಇವೆಂಟ್ಸ್ ಇದೆ. ವಿಂಡೋಸ್‌ಗೂ ತನ್ನದೇ ವ್ಯವಸ್ಥೆಯಿದೆ. ನಮ್ಮ ವಾಚ್ ನೋಡ್ ಇವುಗಳನ್ನೇ ನೆಚ್ಚಿಕೊಂಡಿದೆ, ಹಾಗಾಗಿ ಸುಮ್ಮನೆ ಕಾಯುವಾಗ ಕಂಪ್ಯೂಟರಿಗೆ ಭಾರ ಅನ್ನುವಂಥದ್ದೇನೂ ಇಲ್ಲ.

ಹಂತ 6: ಡಿಬಗ್ ನೋಡ್ ಜೋಡಿಸಿ, ಬದಲಾವಣೆ ಹೇಗೆ ಕಾಣುತ್ತದೆ ನೋಡಿ

ಪಟ್ಟಿಯ ಮೇಲ್ಭಾಗದಿಂದ ಡಿಬಗ್ ಚೌಕ ಎಳೆದು ತಂದು ವಾಚ್‌ನ ಬಲಕ್ಕೆ ಇಡಿ. ವಾಚ್‌ನ ಬಲ ಅಂಚಿನ ಪುಟ್ಟ ಬಿಂದುವಿನಿಂದ ಡಿಬಗ್‌ನ ಎಡ ಅಂಚಿನ ಬಿಂದುವಿಗೆ ತಂತಿ ಎಳೆಯಿರಿ. ಡಿಬಗ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಔಟ್‌ಪುಟ್ ಜಾಗದಲ್ಲಿ ಕಂಪ್ಲೀಟ್ ಮೆಸೇಜ್ ಆಬ್ಜೆಕ್ಟ್ ಎಂಬುದನ್ನು ಆರಿಸಿ. ಮೇಲ್ಗಡೆ ಬಲಮೂಲೆಯ ಕೆಂಪು ಡಿಪ್ಲಾಯ್ ಗುಂಡಿ ಒತ್ತಿ.

ಎಚ್ಚರ: ಏನು ಬದಲಾಯಿಸಿದರೂ ಡಿಪ್ಲಾಯ್ ಒತ್ತಲೇಬೇಕು. ಒತ್ತದಿದ್ದರೆ ಓಡುತ್ತಿರುವುದು ಹಳೆಯ ಪ್ರೋಗ್ರಾಂ. ಏನೂ ಆಗುತ್ತಿಲ್ಲವಲ್ಲ ಎಂದು ತಲೆ ಕೆಡಿಸಿಕೊಳ್ಳುವ ಮುಂಚೆ ಆ ಗುಂಡಿಯ ಬಣ್ಣ ನೋಡಿ. ಕೆಂಪಗಿದ್ದರೆ ಇನ್ನೂ ಒತ್ತಿಲ್ಲ ಎಂದರ್ಥ.

ಈಗ ಬಲಗಡೆ ಜಿರಳೆಯಂಥ ಚಿತ್ರದ ಗುರುತು ಒತ್ತಿ ಡಿಬಗ್ ಪಟ್ಟಿ ತೆರೆದಿಟ್ಟುಕೊಳ್ಳಿ. ನೋಟ್‌ಪ್ಯಾಡ್ ತೆರೆದು ನಾಲ್ಕು ಸಾಲು ಬರೆಯಿರಿ. ಮೊದಲ ಸಾಲಿನಲ್ಲಿ ಡೇಟ್, ಕಾಮಾ, ಪಿಎಂ, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ (ಪಿಎಂ ಏನೆಂದು ಹಂತ 10ರಲ್ಲಿ ಹೇಳುತ್ತೇನೆ). ಎರಡನೆಯದರಲ್ಲಿ ದಿನ1, ಕಾಮಾ, 72. ಮೂರನೆಯದರಲ್ಲಿ ದಿನ2, ಕಾಮಾ, 41. ನಾಲ್ಕನೆಯದರಲ್ಲಿ ದಿನ3, ಕಾಮಾ, ಆಮೇಲೆ ಖಾಲಿ. ಇವು ಪರೀಕ್ಷೆಗೆಂದು ಸುಮ್ಮನೆ ಹಾಕಿದ ಅಂಕಿಗಳು, ಸನತ್‌ನಗರದವಲ್ಲ. ಫೈಲನ್ನು ಗಾಳಿ ಫೋಲ್ಡರಿನಲ್ಲಿ ಟೆಸ್ಟ್ ಡಾಟ್ ಸಿಎಸ್‌ವಿ ಎಂದು ಸೇವ್ ಮಾಡಿ (ಸಿಎಸ್‌ವಿ ಎಂದರೆ ಹೀಗೆ ಕಾಮಾದಿಂದ ಬೇರ್ಪಡಿಸಿದ ಸಾಲುಗಳ ಸಾದಾ ಫೈಲ್). ಸೇವ್ ಆಸ್ ಟೈಪ್ ಜಾಗದಲ್ಲಿ ಆಲ್ ಫೈಲ್ಸ್ ಆರಿಸಲು ಮರೆಯಬೇಡಿ. ಮರೆತರೆ ಹೆಸರಿನ ಬಾಲಕ್ಕೆ ಡಾಟ್ ಟಿಎಕ್ಸ್‌ಟಿ ಅಂಟಿಕೊಳ್ಳುತ್ತದೆ.

ಸೇವ್ ಮಾಡಿದ ಕೂಡಲೇ ಡಿಬಗ್ ಪಟ್ಟಿಯಲ್ಲಿ ಸಂದೇಶ ಬಂತಲ್ಲ! ಅದನ್ನು ಬಿಚ್ಚಿ ನೋಡಿ. ಪೇಲೋಡ್ ಮತ್ತು ಫೈಲ್‌ನೇಮ್ ಎಂಬಲ್ಲಿ ಪೂರ್ತಿ ವಿಳಾಸ, ಫೈಲ್ ಎಂಬಲ್ಲಿ ಬರೀ ಹೆಸರು, ಸೈಜ್ ಎಂಬಲ್ಲಿ ಬೈಟ್‌ಗಳ ಲೆಕ್ಕ, ಇವೆಂಟ್ ಎಂಬಲ್ಲಿ ಅಪ್‌ಡೇಟ್. ಫೈಲನ್ನು ಅಳಿಸಿದರೆ ಇವೆಂಟ್ ರಿಮೂವ್ ಎಂದಾಗುತ್ತದೆ. ಅಳಿಸಿ ನೋಡಿ, ಮತ್ತೆ ಸೇವ್ ಮಾಡಿ, ಇನ್ನೊಂದು ಫೈಲ್ ನಕಲು ಹಾಕಿ. ಈ ಹಂತದಲ್ಲಿ ಸ್ವಲ್ಪ ಹೊತ್ತು ಆಟವಾಡಿ.

ಆಡುವಾಗ ಒಂದು ಕಾಣುತ್ತದೆ: ನೀವು ಒಂದು ಸಲ ಸೇವ್ ಮಾಡಿದ್ದಕ್ಕೆ ಕೆಲವೊಮ್ಮೆ ಎರಡು ಮೂರು ಸಂದೇಶ. ದೊಡ್ಡ ಫೈಲ್ ಆದರೆ ಇನ್ನೂ ಹೆಚ್ಚು. ಇದು ದೋಷವಲ್ಲ. ಫೈಲ್ ಹುಟ್ಟಿದ್ದು ಒಂದು ಬದಲಾವಣೆ, ಅದರೊಳಗೆ ಅಕ್ಷರ ತುಂಬಿದ್ದು ಇನ್ನೊಂದು. ಬ್ರೌಸರ್‌ಗಳಂತೂ ಅರ್ಧ ಇಳಿದ ಫೈಲಿಗೆ ಬೇರೆ ಹೆಸರಿಟ್ಟು, ಪೂರ್ತಿ ಇಳಿದ ಮೇಲೆ ಹೆಸರು ಬದಲಾಯಿಸುತ್ತವೆ. ಕ್ರೋಮ್‌ನಲ್ಲಿ ಅರೆಬರೆ ಫೈಲಿನ ಬಾಲ ಸಿಆರ್‌ಡೌನ್‌ಲೋಡ್, ಫೈರ್‌ಫಾಕ್ಸ್‌ನಲ್ಲಿ ಪಾರ್ಟ್.

ಇಡೀ ಕೆಲಸದಲ್ಲಿ ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಇದೊಂದೇ. ಆಪರೇಟಿಂಗ್ ಸಿಸ್ಟಮ್ ಹೇಳುವುದು ‘ಏನೋ ಬದಲಾಯಿತು’ ಎಂದು. ‘ಫೈಲ್ ಪೂರ್ತಿಯಾಯಿತು, ಈಗ ಓದು’ ಎಂದಲ್ಲ. ಮೊದಲ ಸದ್ದಿಗೇ ಓಡಿಹೋಗಿ ಓದಿದರೆ ಅರ್ಧ ತಿಂಗಳ ಅಂಕಿ ಸಿಕ್ಕೀತು. ಕೆಟ್ಟದ್ದೆಂದರೆ ಅರ್ಧ ಎಂದು ನಿಮಗೆ ಗೊತ್ತೂ ಆಗದು. ಮುಂದಿನ ಎರಡು ಹಂತಗಳು ಇದಕ್ಕೆ ಮದ್ದು.

ಹಂತ 7: ಬೇಡದ್ದನ್ನು ಸೋಸಿ

ವಾಚ್ ಮತ್ತು ಡಿಬಗ್ ನಡುವಿನ ತಂತಿ ಮೇಲೆ ಕ್ಲಿಕ್ ಮಾಡಿ ಡಿಲೀಟ್ ಒತ್ತಿ. ಎರಡು ಸ್ವಿಚ್ ನೋಡ್ ತಂದು ವಾಚ್‌ನ ಮುಂದೆ ಒಂದರ ಹಿಂದೊಂದು ಜೋಡಿಸಿ.

ಮೊದಲ ಸ್ವಿಚ್ ತೆರೆದು ಪ್ರಾಪರ್ಟಿ ಜಾಗದಲ್ಲಿ ಪೇಲೋಡ್ ತೆಗೆದು ಇವೆಂಟ್ ಎಂದು ಬರೆಯಿರಿ. ನಿಯಮದ ಜಾಗದಲ್ಲಿ ಎರಡು ಸಮ ಚಿಹ್ನೆ ಇರಲಿ, ಮುಂದೆ ಅಪ್‌ಡೇಟ್ ಎಂದು ಬರೆಯಿರಿ. ಅಳಿಸಿದ ಫೈಲಿನ ಸಂದೇಶ ಇಲ್ಲೇ ನಿಲ್ಲುತ್ತದೆ. ಇಲ್ಲದ ಫೈಲ್ ಓದಲು ಹೋಗಿ ಎಡವುವುದು ತಪ್ಪುತ್ತದೆ.

ಎರಡನೆಯದರಲ್ಲಿ ಪ್ರಾಪರ್ಟಿ ಫೈಲ್. ನಿಯಮ ಮ್ಯಾಚಸ್ ರೆಜೆಕ್ಸ್. ಅದರ ಮುಂದೆ ಬ್ಯಾಕ್‌ಸ್ಲ್ಯಾಷ್, ಚುಕ್ಕಿ, ಸಿಎಸ್‌ವಿ, ಡಾಲರ್ ಚಿಹ್ನೆ, ಮಧ್ಯೆ ಸ್ಪೇಸ್ ಇಲ್ಲದೆ. ಇದು ನೋಡಲು ಮಂತ್ರದಂತಿದ್ದರೂ ಅರ್ಥ ಸರಳ: ಹೆಸರು ಡಾಟ್ ಸಿಎಸ್‌ವಿ ಎಂದು ಮುಗಿಯಬೇಕು. ಕಂಟೇನ್ಸ್ ನಿಯಮ ಸಾಕಲ್ಲವೇ ಎಂದರೆ, ಸಾಲದು. ಲಿಬ್ರೆ ಆಫೀಸ್‌ನಲ್ಲಿ ಫೈಲ್ ತೆರೆದಾಗ ಅದೇ ಫೋಲ್ಡರಿನಲ್ಲಿ ಲಾಕ್ ಫೈಲ್ ಒಂದು ಹುಟ್ಟುತ್ತದೆ. ಅದರ ಹೆಸರಿನೊಳಗೂ ಡಾಟ್ ಸಿಎಸ್‌ವಿ ಇರುತ್ತದೆ, ಕೊನೆಗೆ ಹ್ಯಾಶ್ ಚಿಹ್ನೆ. ಕೊನೆಯನ್ನೇ ನೋಡುವ ನಿಯಮ ಅದನ್ನು ಒಳಗೆ ಬಿಡುವುದಿಲ್ಲ.

ಹಂತ 8: ಸದ್ದು ಅಡಗುವವರೆಗೆ ಕಾಯಲು ಕಲಿಸಿ

ಟ್ರಿಗರ್ ನೋಡ್ ತಂದು ಎರಡನೇ ಸ್ವಿಚ್‌ಗೆ ಜೋಡಿಸಿ ತೆರೆಯಿರಿ. ನಿಧಾನವಾಗಿ, ಒಂದೊಂದೇ ಜಾಗ ತುಂಬಿ. ಸೆಂಡ್ ಎಂಬಲ್ಲಿ ನಥಿಂಗ್. ದೆನ್ ಎಂಬಲ್ಲಿ ವೇಟ್ ಫಾರ್, 5 ಸೆಕೆಂಡ್ಸ್. ಅದರ ಕೆಳಗೆ, ಹೊಸ ಸಂದೇಶ ಬಂದರೆ ಕಾಯುವ ಅವಧಿ ವಿಸ್ತರಿಸು ಎಂಬ ಅರ್ಥದ ಎಕ್ಸ್‌ಟೆಂಡ್ ಡಿಲೇ ಚೌಕಕ್ಕೆ ಟಿಕ್ ಹಾಕಿ. ದೆನ್ ಸೆಂಡ್ ಎಂಬಲ್ಲಿ ದಿ ಲೇಟೆಸ್ಟ್ ಮೆಸೇಜ್ ಆಬ್ಜೆಕ್ಟ್. ಕೊನೆಯಲ್ಲಿ ಹ್ಯಾಂಡ್ಲಿಂಗ್ ಎಂಬಲ್ಲಿ ಆಲ್ ಮೆಸೇಜಸ್ ತೆಗೆದು ಈಚ್ ಆರಿಸಿ, ಅದರ ಮುಂದೆ ಟಾಪಿಕ್ ಅಳಿಸಿ ಫೈಲ್‌ನೇಮ್ ಎಂದು ಬರೆಯಿರಿ.

ಇದರ ಫಲ: ಒಂದು ಫೈಲಿನ ಬಗ್ಗೆ ಸಂದೇಶ ಬಂದ ಮೇಲೆ ಐದು ಸೆಕೆಂಡು ಬೇರೆ ಸದ್ದಿಲ್ಲದಿದ್ದರೆ ಮಾತ್ರ ಮುಂದಕ್ಕೆ ಹೋಗುತ್ತದೆ. ನಡುವೆ ಮತ್ತೊಂದು ಬಂದರೆ ಐದು ಸೆಕೆಂಡಿನ ಎಣಿಕೆ ಮತ್ತೆ ಮೊದಲಿನಿಂದ. ಹ್ಯಾಂಡ್ಲಿಂಗ್ ಜಾಗವನ್ನು ಬಹಳ ಜನ ಹಾಗೇ ಬಿಟ್ಟುಬಿಡುತ್ತಾರೆ. ಬಿಟ್ಟರೆ ಎರಡು ಫೈಲ್ ಒಟ್ಟಿಗೆ ಹಾಕಿದಾಗ ಕೊನೆಯದು ಮಾತ್ರ ಉಳಿದು, ಮೊದಲನೆಯದು ಕಳೆದುಹೋಗುತ್ತದೆ.

ಟ್ರಿಗರ್‌ನ ಮುಂದೆ ಡಿಬಗ್ ಜೋಡಿಸಿ, ಡಿಪ್ಲಾಯ್ ಒತ್ತಿ, ಟೆಸ್ಟ್ ಫೈಲನ್ನು ಪಟಪಟನೆ ನಾಲ್ಕಾರು ಸಲ ಸೇವ್ ಮಾಡಿ. ಐದು ಸೆಕೆಂಡಿನ ನಂತರ ಒಂದೇ ಸಂದೇಶ ಬರಬೇಕು. ಬಂತೇ? ಕಷ್ಟದ ಭಾಗ ಮುಗಿಯಿತು.

ಹಂತ 9: ಫೈಲ್ ಓದಿಸಿ

ರೀಡ್ ಫೈಲ್ ನೋಡ್ ತಂದು ಟ್ರಿಗರ್‌ಗೆ ಜೋಡಿಸಿ. ಫೈಲ್‌ನೇಮ್ ಜಾಗದಲ್ಲಿ ಮೆಸೇಜ್ ಡಾಟ್ ಫೈಲ್‌ನೇಮ್ ಇರಲಿ. ಅದರ ಮುಂದೆ ಸಿಎಸ್‌ವಿ ನೋಡ್ ಇಡಿ. ಅದನ್ನು ತೆರೆದು, ಮೊದಲ ಸಾಲಿನಲ್ಲಿ ಕಾಲಂ ಹೆಸರುಗಳಿವೆ ಎಂಬ ಚೌಕಕ್ಕೆ ಟಿಕ್ ಹಾಕಿ. ಔಟ್‌ಪುಟ್ ಎಂಬಲ್ಲಿ ಸಾಲಿಗೊಂದು ಸಂದೇಶ ಎಂಬ ಆಯ್ಕೆ ಇರಬೇಕು.

ಹಂತ 10: ಮಿತಿ ಹಾಕಿ

ನಾವು ನೋಡುತ್ತಿರುವುದು ಪಿಎಂ 2.5, ಅಂದರೆ 2.5 ಮೈಕ್ರೋಮೀಟರ್ ಅಥವಾ ಅದಕ್ಕೂ ಸಣ್ಣ ಕಣಗಳು. ಮೂಗಿಗೂ ಗಂಟಲಿಗೂ ಸಿಗದೆ ಶ್ವಾಸಕೋಶದ ಆಳಕ್ಕೆ ಇಳಿಯುವಂಥವು. 2009ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾನದಂಡದ ಪ್ರಕಾರ ಇದರ 24 ಗಂಟೆಯ ಸರಾಸರಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಮೀರಬಾರದು. ವರ್ಷದ ಸರಾಸರಿಗೆ ಮಿತಿ 40.

ಮೂರನೇ ಸ್ವಿಚ್ ತಂದು ಸಿಎಸ್‌ವಿ ಮುಂದೆ ಜೋಡಿಸಿ. ಪ್ರಾಪರ್ಟಿ: ಪೇಲೋಡ್, ಚುಕ್ಕಿ, ಪಿಎಂ. ಕೆಳಗಿನ ಆಡ್ ಗುಂಡಿ ಒತ್ತಿ ಮೂರು ನಿಯಮ ಮಾಡಿ. ಒಂದು, 60ಕ್ಕಿಂತ ಹೆಚ್ಚು. ಎರಡು, 60 ಅಥವಾ ಅದಕ್ಕಿಂತ ಕಡಿಮೆ. ಮೂರು, ಅದರ್‌ವೈಸ್. 60 ಬರೆಯುವ ಜಾಗದ ಎಡಕ್ಕೆ ಪುಟ್ಟ ಗುರುತಿದೆ. ಅದನ್ನು ಒತ್ತಿ ನಂಬರ್ ಆರಿಸಿ. ಸ್ಟ್ರಿಂಗ್ ಎಂದೇ ಬಿಟ್ಟರೆ ಹೋಲಿಕೆ ಅಕ್ಷರದ ಲೆಕ್ಕದಲ್ಲಿ ನಡೆದು, ಅಂಕಿಯೇ ಇಲ್ಲದ ಸಾಲು ಮಿತಿ ಮೀರಿದ್ದೆಂದು ಬಂದುಬಿಡಬಹುದು.

ಮೂರನೇ ನಿಯಮ ಏಕೆಂದರೆ, ಯಂತ್ರ ಕೆಟ್ಟಿದ್ದಾಗಲೋ ಕರೆಂಟ್ ಹೋದಾಗಲೋ ಆ ದಿನದ ಜಾಗ ಖಾಲಿ ಉಳಿಯುತ್ತದೆ. ಅಂಕಿ ಇಲ್ಲದ ದಿನ ಗಾಳಿ ಶುದ್ಧವಾಗಿದ್ದ ದಿನವಲ್ಲ. ಅದನ್ನು ಒಳ್ಳೆಯ ದಿನಗಳ ರಾಶಿಗೆ ಸೇರಿಸಿದರೆ ನಿಮ್ಮ ಲೆಕ್ಕ ನಿಮಗೇ ಸುಳ್ಳು ಹೇಳುತ್ತದೆ. ಮೂರು ಹೊರದಾರಿಗೂ ಒಂದೊಂದು ಡಿಬಗ್ ಜೋಡಿಸಿ ಟೆಸ್ಟ್ ಫೈಲನ್ನು ಮತ್ತೆ ಸೇವ್ ಮಾಡಿ. 72 ಮೊದಲನೆಯದಕ್ಕೆ, 41 ಎರಡನೆಯದಕ್ಕೆ, ಖಾಲಿ ಸಾಲು ಮೂರನೆಯದಕ್ಕೆ ಹೋಗಬೇಕು.

ಹಂತ 11: ಕನ್ನಡದಲ್ಲಿ ಬರೆಸಿ

ಮೊದಲ ಹೊರದಾರಿಗೆ ಟೆಂಪ್ಲೇಟ್ ನೋಡ್ ಜೋಡಿಸಿ. ಒಳಗಿರುವ ಬರಹ ಅಳಿಸಿ, ‘ಸನತ್‌ನಗರದಲ್ಲಿ ಮಿತಿ ಮೀರಿದ ದಿನ’ ಎಂದು ಕನ್ನಡದಲ್ಲೇ ಬರೆಯಿರಿ. ಮುಂದೆ ಎರಡು ಹೂಬ್ರಾಕೆಟ್ ತೆರೆದು, ಪೇಲೋಡ್ ಚುಕ್ಕಿ ಡೇಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಎರಡು ಹೂಬ್ರಾಕೆಟ್ ಮುಚ್ಚಿ. ಹೀಗೆಯೇ ಪೇಲೋಡ್ ಚುಕ್ಕಿ ಪಿಎಂ ಕೂಡ ಸೇರಿಸಿ.

ಅದರ ಮುಂದೆ ರೈಟ್ ಫೈಲ್ ನೋಡ್. ಆ್ಯಕ್ಷನ್ ಎಂಬಲ್ಲಿ ಅಪೆಂಡ್ ಟು ಫೈಲ್ ಇರಲಿ, ಪ್ರತಿ ಸಲ ಹೊಸ ಸಾಲು ಸೇರಿಸುವ ಚೌಕಕ್ಕೆ ಟಿಕ್ ಇರಲಿ. ಫೈಲ್‌ನೇಮ್ ಜಾಗ ಮುಖ್ಯ. ಅಲ್ಲಿ ಮೆಸೇಜ್ ಡಾಟ್ ಫೈಲ್‌ನೇಮ್ ಇದ್ದರೆ ತಪ್ಪದೆ ಪಾತ್ ಎಂದು ಬದಲಾಯಿಸಿ, ಫಲಿತ ಫೋಲ್ಡರಿನೊಳಗಿನ ಒಂದು ಫೈಲಿನ ವಿಳಾಸ ಕೊಡಿ. ಬದಲಾಯಿಸದಿದ್ದರೆ ಉತ್ತರ ಹೋಗಿ ಮೂಲ ಸಿಎಸ್‌ವಿ ಫೈಲಿಗೇ ಅಂಟಿಕೊಳ್ಳುತ್ತದೆ. ನಾಲ್ಕನೇ ಹಂತದಲ್ಲಿ ಹೇಳಿದ ಕೊನೆಯಿಲ್ಲದ ಸುತ್ತು ಅಲ್ಲಿಂದಲೇ ಶುರು.

ಹಂತ 12: ನಿಜವಾದ ಅಂಕಿ ತನ್ನಿ

ಪೋರ್ಟಲ್‌ನಲ್ಲಿ ರಾಜ್ಯ ತೆಲಂಗಾಣ, ನಗರ ಹೈದರಾಬಾದ್, ಕೇಂದ್ರ ಸನತ್‌ನಗರ, ಅಳತೆ ಪಿಎಂ 2.5 ಆರಿಸಿ. ಅವಧಿಯ ಜಾಗದಲ್ಲಿ 24 ಗಂಟೆ ಎಂಬುದನ್ನೇ ಆರಿಸಿ. 15 ನಿಮಿಷದ ಸರಾಸರಿಯೂ ಸಿಗುತ್ತದೆ, ಆದರೆ 60ರ ಮಿತಿ ಇರುವುದು ಇಡೀ ದಿನದ ಸರಾಸರಿಗೆ. ಪಕ್ಕದಲ್ಲಿ ಲಾರಿ ನಿಂತ ಹದಿನೈದು ನಿಮಿಷವನ್ನು ಆ ಮಿತಿಗೆ ಹೋಲಿಸಿ ಗಾಬರಿಯಾಗುವುದು ಸರಿಯಲ್ಲ.

ಬಂದ ಫೈಲನ್ನು ನೇರವಾಗಿ ಗಾಳಿ ಫೋಲ್ಡರಿಗೆ ಹಾಕಬೇಡಿ. ಬೇರೆ ಕಡೆ ತೆರೆದು, ಮೇಲ್ಗಡೆಯ ಶೀರ್ಷಿಕೆ ಸಾಲುಗಳಿದ್ದರೆ ತೆಗೆದು, ದಿನಾಂಕ ಮತ್ತು ಅಂಕಿಯ ಎರಡು ಕಾಲಂ ಮಾತ್ರ ಉಳಿಸಿ. ಹೆಸರು ಡೇಟ್ ಮತ್ತು ಪಿಎಂ ಎಂದಷ್ಟೇ ಇಡಿ. ಪೋರ್ಟಲ್ ಕೊಡುವ ಹೆಸರಿನಲ್ಲಿ ಚುಕ್ಕಿ, ಆವರಣ ಎಲ್ಲ ಇದ್ದರೆ ಸ್ವಿಚ್ ನೋಡ್ ತಬ್ಬಿಬ್ಬಾಗುತ್ತದೆ. ಸಾದಾ ಸಿಎಸ್‌ವಿ ಆಗಿ ಸೇವ್ ಮಾಡಿ, ಆಮೇಲೆ ಗಾಳಿ ಫೋಲ್ಡರಿಗೆ ನಕಲು ಹಾಕಿ. ಐದು ಸೆಕೆಂಡು ಕಾದು ಫಲಿತ ಫೋಲ್ಡರ್ ತೆರೆಯಿರಿ.

ಹಂತ 13: ಮಲಗಿದ್ದಾಗ ಬಂದ ಫೈಲ್

ನೋಡ್-ರೆಡ್ ನಿಂತಿದ್ದಾಗ ಫೋಲ್ಡರಿಗೆ ಬಿದ್ದ ಫೈಲ್ ಅದಕ್ಕೆ ಗೊತ್ತಾಗುವುದಿಲ್ಲ. ಮತ್ತೆ ಚಾಲೂ ಮಾಡಿದಾಗಲೂ ಹಳೆಯದನ್ನು ತಾನಾಗಿ ಓದುವುದಿಲ್ಲ. ಸುಲಭ ಉಪಾಯ: ಚಾಲೂ ಮಾಡಿದ ಮೇಲೆ ಅಂಥ ಫೈಲನ್ನು ಕಟ್ ಮಾಡಿ ಹೊರಗೆ ಹಾಕಿ, ಮತ್ತೆ ಒಳಗೆ ತನ್ನಿ. ಓದಿ ಮುಗಿದ ಫೈಲುಗಳನ್ನು ಬೇರೆ ಫೋಲ್ಡರಿಗೆ ಸಾಗಿಸುವ ರೂಢಿ ಇಟ್ಟುಕೊಂಡರೆ, ಗಾಳಿಯಲ್ಲಿ ಉಳಿದದ್ದೆಲ್ಲ ಓದದ ಫೈಲೇ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಅದೇ ಫೈಲನ್ನು ಎರಡು ಸಲ ಹಾಕಿದರೆ ಫಲಿತದಲ್ಲಿ ಅದೇ ದಿನ ಎರಡು ಸಲ ಬರುತ್ತದೆ, ಅದನ್ನೂ ನೆನಪಿಡಿ.

ಹಂತ 14: ಊರಿನ ಗಾಳಿಯನ್ನೂ ಸೇರಿಸಿ

1956ರವರೆಗೆ ಕಲಬುರಗಿ, ಬೀದರ್, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಇವತ್ತಿಗೂ ಆ ಕಡೆಯ ಎಷ್ಟೋ ಕುಟುಂಬಗಳ ಒಂದು ಕಾಲು ಹೈದರಾಬಾದಿನಲ್ಲಿ, ಒಂದು ಕಾಲು ಊರಿನಲ್ಲಿ. ಅದೇ ಪೋರ್ಟಲ್‌ನಲ್ಲಿ ಕಲಬುರಗಿಯ ಅಂಕಿಯೂ ಬೆಂಗಳೂರಿನ ಪೀಣ್ಯ, ಹೆಬ್ಬಾಳದ ಅಂಕಿಯೂ ಸಿಗುತ್ತವೆ. ಗಾಳಿ ಫೋಲ್ಡರಿನ ಪಕ್ಕದಲ್ಲಿ ಊರು ಎಂಬ ಇನ್ನೊಂದು ಫೋಲ್ಡರ್ ಮಾಡಿ. ವಾಚ್ ನೋಡ್‌ನ ಫೈಲ್ಸ್ ಜಾಗದಲ್ಲಿ ಹಳೆಯ ವಿಳಾಸದ ಮುಂದೆ ಕಾಮಾ ಹಾಕಿ ಹೊಸ ವಿಳಾಸ ಸೇರಿಸಿ. ಟೆಂಪ್ಲೇಟ್‌ನಲ್ಲಿ ಸನತ್‌ನಗರದಲ್ಲಿ ಎಂಬ ಪದ ತೆಗೆದು, ಅದರ ಜಾಗದಲ್ಲಿ ಎರಡು ಹೂಬ್ರಾಕೆಟ್ ನಡುವೆ ಫೈಲ್‌ನೇಮ್ ಎಂದು ಬರೆಯಿರಿ. ಹೂಬ್ರಾಕೆಟ್ ಎರಡರ ಬದಲು ಮೂರು ಮೂರು ಹಾಕಿದರೆ ಇನ್ನೂ ಒಳ್ಳೆಯದು, ವಿಳಾಸದಲ್ಲಿರುವ ಚಿಹ್ನೆಗಳು ಇದ್ದ ಹಾಗೇ ಬರುತ್ತವೆ. ಯಾವ ಊರಿನ ಫೈಲಿನಿಂದ ಬಂದ ಸಾಲು ಎಂಬುದು ಆಗ ಸಾಲಿನಲ್ಲೇ ಇರುತ್ತದೆ. ಡಿಪ್ಲಾಯ್ ಒತ್ತಿ.